ಪೆದ್ದಿ, ಇದನ್ನ ಮುಟ್ಟಬೇಡ

ಜಾಣಮ್ಮನಿಗೆ,

ನೀನು ಮಾತು ಬಿಟ್ಟು ಮೂರು ತಿಂಗಳಾಯಿತು. ನಾನೇನೂ ಸೊರಗಿಲ್ಲ. ಇವತ್ತು ವೆಬ್‌ಸೈಟ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಇಂಟರ್‌ವ್ಯೂ ಇತ್ತು. ತರಬೇತಿಯ ಕೊನೆಗೆ ನಾವಿಬ್ಬರೂ ಮಾಡಿದ ಗ್ರಂಥಾಲಯದ ವೆಬ್‌ಸೈಟನ್ನು ನನ್ನೊಬ್ಬಳದೇ ಎಂದು ತೋರಿಸಿದೆ. ಲ್ಯಾಪ್‌ಟಾಪ್ ನನ್ನದು, ಬರೆದ ಕೈ ನಿನ್ನದಾದರೇನು?

ಆದರೆ ಕೋಡ್ ನಡುನಡುವೆ ನನಗೆಂದು ನೀನು ಬರೆದಿಡುತ್ತಿದ್ದ ಟಿಪ್ಪಣಿಗಳನ್ನು ಅಳಿಸಲು ಮರೆತಿದ್ದೆ. ಮ್ಯಾನೇಜರ್ ಒಂದನ್ನು ಗಟ್ಟಿಯಾಗಿ ಓದಿದರು: "ಪೆದ್ದಿ, ಇದನ್ನ ಮುಟ್ಟಬೇಡ. ಅರ್ಥ ಆಗದಿದ್ರೆ ನನ್ನ ಕೇಳು."

"ಈ ಪೆದ್ದಿ ಯಾರಮ್ಮ?" ಎಂದರು.

"ಜೊತೆಗೆ ಕಲೀತಿದ್ದೋಳು ಸರ್. ಅವಳ ತಲೆಗೆ ಏನೂ ಹತ್ತುತ್ತಿರಲಿಲ್ಲ. ಪಾಪ ಅಂತ ನಾನೇ ಬರೆದಿಡ್ತಿದ್ದೆ."

"ಈಗೇನು ಮಾಡ್ತಿದ್ದಾರೆ?"

"ಬಟ್ಟೆ ಅಂಗಡೀಲಿ ಗಿರಾಕಿಗಳು ನೋಡಿ ಬಿಟ್ಟಿದ್ದನ್ನ ಮಡಚಿಡ್ತಾಳೆ. ಅವಳಿಗೆ ಅದೇ ಸರಿ."

ಅವರು ನಕ್ಕರು. ನಾನೂ ನಕ್ಕೆ. ಆ ಅಂಗಡಿಯಲ್ಲಿರುವ ನಿನ್ನ ಕಿವಿಗೆ ಈ ಇಂಟರ್‌ವ್ಯೂ ಸುದ್ದಿ ಬೀಳದಂತೆ ನೋಡಿಕೊಂಡವಳೂ ನಾನೇ.

"ಕೆಲಸ ಕಲಿಯೋರು ಬೇಕಾದಷ್ಟು ಸಿಗ್ತಾರೆ. ನಿಮ್ಮ ಹಾಗೆ ಕಲಿಸೋ ತಾಳ್ಮೆ ಇರೋರು ಸಿಗೋದು ಕಷ್ಟ," ಎಂದರು ಮ್ಯಾನೇಜರ್. "ಸೋಮವಾರ ಬಂದುಬಿಡಿ. ಮೊದಲು ಈ ಭಾಗಾನೇ ನಮ್ಮ ಹುಡುಗರಿಗೆ ಬಿಡಿಸಿ ಹೇಳಿ."

ಮನೆಗೆ ಬಂದವಳೇ ಆ ಭಾಗವನ್ನು ತೆಗೆದುಕೊಂಡು ಕೂತೆ. ಐದು ಸಲ ಓದಿದೆ. ಒಂದು ಸಾಲೂ ತಲೆಗೆ ಹತ್ತಲಿಲ್ಲ. ಉಳಿದ ಟಿಪ್ಪಣಿಗಳನ್ನೆಲ್ಲ ಹುಡುಕಿ ಹುಡುಕಿ ಅಳಿಸಿದೆ.

ನಿನ್ನ ನಂಬರ್ ಈಗಲೂ ಬಾಯಿಪಾಠವಿದೆ. ಅರ್ಥವಾಗದಿದ್ದರೆ ಕೇಳು ಎಂದು ನೀನೇ ಅಂದಿದ್ದೆ. ಸೋಮವಾರಕ್ಕೆ ಇನ್ನು ಎರಡೇ ದಿನ.

ಇಂತಿ,
ಪೆದ್ದಿ