ಮೆಕ್ಸಿಕೋ ರೊಟ್ಟಿಯ ಬಯಕೆ

ದಾಂಡೇಲಿ, ಡಿಸೆಂಬರ್ ೧೯೮೫

ಅಷ್ಟು ದೊಡ್ಡದಾದ ನನ್ನ ಹೊಟ್ಟೆ ಬಿಟ್ಟು ನಿಮ್ಮವ್ವನ ಹೊಟ್ಟೆಯಲ್ಲೇ ಬಾಡಿಗೆಗಿಳಿದ ಜಾಣ ಕೂಸೇ,

ಇಲ್ಲಿಯ ಗಿರಣಿಯಲ್ಲಿ ಕಾಗದ ಮಾಡುವುದು ನನ್ನ ಹೊಟ್ಟೆಪಾಡು, ಕಾಗದ ಬರೆಯುವುದು ಚಟ. ನೀನು ಓದಲು ಕಲಿಯುವ ಹೊತ್ತಿಗೆ ನಿಮ್ಮವ್ವ ಈ ಕತೆಗೆ ತನ್ನದೇ ಒಗ್ಗರಣೆ ಹಾಕಿರುತ್ತಾಳೆ. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.

ನೀನು ಬಂದಾಗಿನಿಂದ ಆಕೆಯ ಹೊಟ್ಟೆಯಲ್ಲಿ ನಿನ್ನನ್ನು ಬಿಟ್ಟು ಬೇರೇನೂ ನಿಲ್ಲಲಿಲ್ಲ. ಗಂಜಿ ಒಲ್ಲೆ, ಅನ್ನ ಒಲ್ಲೆ, ನೀರು ಕುಡಿದರೂ ವಾಂತಿ. ಐದನೆಯ ತಿಂಗಳಿಗೂ ಇದೇ ಪಾಡಾದಾಗ ಡಾಕ್ಟರು ನಮ್ಮೊಂದಿಗೆ ನಗುವುದನ್ನು ಬಿಟ್ಟರು. ಇನ್ನೊಂದು ವಾರ ನೋಡಿ ಹುಬ್ಬಳ್ಳಿಯ ದವಾಖಾನೆಗೆ ಸೇರಿಸಬೇಕೆಂದರು. ಅವರ ಕೋಣೆಯ ಹೊರಗೆ ಕೂತಾಗಲೇ ನಿಮ್ಮವ್ವ ಒಂದು ಇಂಗ್ಲಿಷ್ ಪತ್ರಿಕೆಯ ಬಣ್ಣದ ಪುಟದ ಮೇಲೆ ಬೆರಳಿಟ್ಟಳು. ಗೋವಾದ ದೊಡ್ಡ ಹೋಟೆಲೊಂದರಲ್ಲಿ ಮೆಕ್ಸಿಕೋ ದೇಶದ ಊಟ. ಗೋವಿನಜೋಳದ ರೊಟ್ಟಿಯನ್ನು ಮಡಚಿ ಒಳಗೆ ಏನೇನೋ ತುಂಬಿದ ಚಿತ್ರ.

"ಇದನ್ನ ತಿನ್ನಬೇಕನಸ್ತೈತ್ರಿ," ಎಂದಳು.

ಎಷ್ಟೋ ದಿನಗಳ ಮೇಲೆ ಆಕೆ ಬಾಯಿಬಿಟ್ಟು ಕೇಳಿದ ತಿನಿಸು ಅದು. ಬಸುರಿಯ ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆಂದು ನಿಮ್ಮಜ್ಜಿ ಮುದಕವ್ವ ತೀರ್ಪು ಕೊಟ್ಟಳು. ಮೆಕ್ಸಿಕೋ ಹಳಿಯಾಳದ ಆಚೆಗಿದೆಯೋ ಈಚೆಗಿದೆಯೋ ಎಂಬುದು ಆಕೆಗೆ ಮುಖ್ಯವಾಗಿರಲಿಲ್ಲ.

ಕ್ಯಾಸಲ್‌ರಾಕಿನಲ್ಲಿ ಗೋವಾದ ರೈಲು ಹತ್ತಿದೆವು. ಘಟ್ಟ ಇಳಿಯುವಾಗ ನಿಮ್ಮವ್ವ ಕಿಟಕಿಯ ಹೊರಗೆ ಬಾಗಿದ್ದು ಜಲಪಾತ ನೋಡಲಿಕ್ಕಲ್ಲ.

ಹೋಟೆಲಿನಲ್ಲಿ ತಾಟು ನಮ್ಮ ಪರಾತದಷ್ಟು, ಊಟ ಅಂಗೈಯಷ್ಟು. ಬಡಿಸುವವನ ತಲೆಯ ಮೇಲೆ ಮೊರದಂಥ ಟೊಪ್ಪಿಗೆ. ರೊಟ್ಟಿಯೊಳಗೆ ತಣ್ಣಗಿನ ಕಾಳಿನ ಮುದ್ದೆ, ಅದರ ಮೇಲೆ ಸಿಹಿ ಸಾಸು, ಎಲ್ಲಕ್ಕೂ ಮೇಲೆ ರಬ್ಬರಿನಂಥ ಚೀಜು. ತಾರಾ ಹೋಟೆಲು ನನಗೆ ಹಾಡಹಗಲೇ ತಾರೆ ತೋರಿಸಿತು. ಆದರೂ ಬಯಕೆ ಕೆಡಬಾರದೆಂದು ಬಾಯಿ ಚಪ್ಪರಿಸಿದೆ. ನಿಮ್ಮವ್ವ ಒಂದು ತುತ್ತು ಕಚ್ಚಿ ಮುಖ ಕಿವುಚಿದಳು. ಹುಬ್ಬಳ್ಳಿಯ ದವಾಖಾನೆ ನನ್ನ ಕಣ್ಣ ಮುಂದೆ ಬಂದು ನಿಂತಿತು.

ಆಕೆ ಒಳಗಿನದನ್ನೆಲ್ಲ ಚಮಚದಿಂದ ಕೆರೆದು ನನ್ನ ತಾಟಿಗೆ ಸುರಿದಳು. ಕೈಚೀಲದಿಂದ ಶೇಂಗಾ ಚಟ್ನಿಯ ಡಬ್ಬಿ ತೆಗೆದು, ಬರಿಯ ರೊಟ್ಟಿಯ ಮೇಲೆ ಪುಡಿ ಉದುರಿಸಿದಳು.

"ರೊಟ್ಟಿದೇನ ತಪ್ಪಿಲ್ರಿ. ಸಹವಾಸ ಕೆಟ್ಟೈತಿ."

ಟೊಪ್ಪಿಗೆಯವನು ಧಾವಿಸಿ ಬಂದ. ಹೊರಗಿನ ತಿನಿಸು ತರಬಾರದೆಂದು ಇಂಗ್ಲಿಷಿನಲ್ಲಿ ಶುರುಮಾಡಿದವನು ಚಟ್ನಿಯ ವಾಸನೆಗೆ ತಡೆದು ನಿಂತ. ಮುಂದಿನ ಮಾತು ಕನ್ನಡದಲ್ಲೇ ಬಂತು. ಕೇಳಿದರೆ, ಮೆಕ್ಸಿಕೋದವ ನಮ್ಮ ಪಕ್ಕದ ಜೋಯಿಡಾದ ಫ್ರಾನ್ಸಿಸ್ ಆಗಿದ್ದ.

"ಅಕ್ಕಾರ, ಸಾವಕಾಶ ತಿನ್ರಿ. ಮ್ಯಾನೇಜರ್ ಬಂದ್ರ ನಾ ಕೆಮ್ಮತೇನಿ," ಎಂದು ಅಂಗೈಗೆ ಒಂದು ಚಿಟಿಕೆ ಚಟ್ನಿ ಇಸಿದುಕೊಂಡು, ನಾವು ಯಾರಿಗೂ ಕಾಣದಂತೆ ಅಡ್ಡ ನಿಂತ. ಆಮೇಲೆ ಇನ್ನಷ್ಟು ಬರಿಯ ರೊಟ್ಟಿ ತಂದಿಟ್ಟ. ನಿಮ್ಮವ್ವ ಅದನ್ನೂ ಮುಗಿಸಿದಳು. ಆ ಕಾಳಿನ ಮುದ್ದೆಯಷ್ಟನ್ನೂ ನಾನೇ ನುಂಗಿದೆ. ನಿನಗಾಗಿ ನಾನು ಮಾಡಿದ ಮೊದಲ ತ್ಯಾಗವೆಂದು ಬರೆದುಕೋ.

ಮರಳುವಾಗ ರೈಲಿನಲ್ಲಿ ಆಕೆಯ ಮುಖವನ್ನೇ ನೋಡುತ್ತ ಕೂತೆ. ಘಟ್ಟ ಶುರುವಾಯಿತು, ತಿರುವಿನ ಮೇಲೆ ತಿರುವು ಬಂತು, ಆಕೆ ಕಿಟಕಿಯತ್ತ ಬಾಗಲಿಲ್ಲ. ಒಂದು ಸುರಂಗದ ಕತ್ತಲಲ್ಲಿ ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ನೀನು ಒದ್ದೆ. ಅದೇ ಮೊದಲು.

"ರೊಟ್ಟಿ ಮುಟ್ಟೈತಿ ಅನ್ನಾಕತ್ತೈತಿ ನೋಡ್ರಿ," ಎಂದಳು.

ಉಣ್ಣುತ್ತಿರು, ಒದೆಯುತ್ತಿರು, ದಿನ ತುಂಬಿದ ಮೇಲೆ ಸುಖವಾಗಿ ಬಾ. ನೂರು ವರ್ಷ ಬಾಳು.

ಇಂತಿ,
ನಿನ್ನ ಒದೆ ತಿಂದೇ ಹೊಟ್ಟೆ ತುಂಬಿದ
ಅಪ್ಪ