ಮನೆಯಲ್ಲಿ ಹೇಗಿದ್ದಾರೆ?

ತರಬೇತಿಯ ಮೇಡಂ ಅವರಿಗೆ,

ನಮಸ್ಕಾರ. ತಂಡ ನಡೆಸುವವರು ಜೊತೆಗಾರರೊಂದಿಗೆ ಹೇಗೆ ಬೆರೆಯಬೇಕೆಂದು ಹೊಸಬರಿಗೆ ಹೇಳಲು ನನ್ನನ್ನು ಕರೆದಿದ್ದೀರಿ. ದಯವಿಟ್ಟು ನನ್ನ ಹೆಸರು ತೆಗೆದುಬಿಡಿ.

‘ಮೊದಲು ಮನೆಯವರ ಕ್ಷೇಮ ಕೇಳಿ, ಕೆಲಸದ ಮಾತು ಆಮೇಲೆ’ ಎಂದು ನೀವು ಕಲಿಸಿದಿರಿ. ನಮ್ಮ ಗ್ರಂಥಾಲಯ ಕಟ್ಟಡದ ನಕ್ಷೆ ಬಿಡಿಸುವ ಹುಡುಗಿಯನ್ನು ಹಾಗೇ ಕೇಳಿದೆ. ಅಮ್ಮ ಹಾಸಿಗೆ ಹಿಡಿದಿದ್ದಾರೆ ಎಂದು ನನ್ನೊಬ್ಬನಿಗೇ ಹೇಳಿದಳು. ನಾನೋ, ಮರುದಿನ ಮೀಟಿಂಗಿನಲ್ಲಿ ಎಲ್ಲರೆದುರು, “ಪಾಪ, ಇವಳಿಗೆ ಮನೇಲೇ ಸಾಕಾಗಿದೆ. ಮಕ್ಕಳ ಓದುಕೋಣೆಯ ನಕ್ಷೆ ಬೇರೆಯವರು ನೋಡ್ಕೊಳ್ಲಿ” ಎಂದುಬಿಟ್ಟೆ. ಅವಳು ಆಸೆಪಟ್ಟು ಕೇಳಿ ಪಡೆದಿದ್ದ ಕೆಲಸ ಅದು. ಭಾರ ಇಳಿಸಿದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಂದಿನಿಂದ, ಯಾವಾಗ ಕೇಳಿದರೂ, “ಅಮ್ಮ ಆರಾಮಾಗಿದ್ದಾರೆ, ಸರ್.”

ಕಳೆದ ತಿಂಗಳು ಅಕ್ಕನ ಮದುವೆಯೆಂದು ರಜೆ ಹಾಕಿದಳು. ಮರಳಿ ಬಂದಾಗ, “ನಮಗೆ ಊಟ ಹಾಕಿಸದೆ ತಪ್ಪಿಸಿಕೊಂಡ್ಯಲ್ಲ! ಜೋರಾಗಿತ್ತಾ ಮದುವೆ?” ಎಂದು ಎಲ್ಲರನ್ನೂ ನಗಿಸಿದೆ.

“ಜೋರಾಗಿತ್ತು, ಸರ್. ತುಂಬಾ ಜನ ಬಂದಿದ್ರು.”

ನಿನ್ನೆ, ಅವಳ ಬೀದಿಯಲ್ಲೇ ಇರುವ ನಮ್ಮ ಡ್ರೈವರ್ ಬಾಯಿಬಿಟ್ಟ. “ಎಲ್ಲಿಯ ಮದುವೆ, ಸರ್? ಅವರಮ್ಮ ತೀರಿಕೊಂಡ್ರು. ಆಫೀಸಲ್ಲಿ ಹೇಳ್ಬೇಡಿ, ಇರೋ ಕೆಲಸಾನೂ ಕಿತ್ಕೊಳ್ತಾರೆ ಅಂತ ಮಗಳೇ ನನ್ನ ಹತ್ರ ಅಂದಿದ್ರು.”

ಇವತ್ತು ಬೆಳಿಗ್ಗೆ ಓದುಕೋಣೆಯ ನಕ್ಷೆಯನ್ನು ಅವಳ ಕೈಗೇ ಮರಳಿ ಕೊಟ್ಟೆ. ಕ್ಷಮೆ ಕೇಳಲೆಂದು ಬಾಯಿ ತೆರೆದೆ. ಅವಳು ನಕ್ಷೆಯನ್ನು ಎದೆಗೆ ಅವುಚಿಕೊಂಡು, ನಾನು ಕೇಳುವ ಮೊದಲೇ ಅವಸರವಾಗಿ ಹೇಳಿದಳು: “ಅಮ್ಮ ಆರಾಮಾಗಿದ್ದಾರೆ, ಸರ್.”

ಇಂತಿ,
ನೀವು ಮೆಚ್ಚಿದ ವಿದ್ಯಾರ್ಥಿ