ನೀಲಿ ಗೇಟಿನ ಮುಂದೆ ನಿಲ್ಲುವ ಗಾಡಿ

ಮನೆಯ ಹಿಂದಿನ ಶೆಡ್ಡಿನಿಂದ,
ಮಾರ್ಚ್ ೧೧, ಸೋಮವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಹಡಗಿನ ಎಂಜಿನ್ ರೂಮಿನ ಕಾವಿಗೆ ಬೆನ್ನೆಲ್ಲ ಬೆವರುಸಾಲೆ ಎದ್ದಿದೆ ಎಂದು ಬರೆದಿದ್ದೆಯಲ್ಲ, ಈಗ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡು. ಹಸಿದಾಗ ನೀನು ಎಂಥ ಸಿಡುಕ ಎನ್ನುವುದು ಪಾಪ ಆ ಹಡಗಿನವರಿಗೇನು ಗೊತ್ತು! ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಗಡ್ಡದ ಮೇಕೆ ಅವಳಿ ಮರಿ ಹಾಕಿದೆ. ನಿಮ್ಮ ಭಾವನ ಸೊಂಟ ಮಾತ್ರ ಮೊದಲಿನಂತಿಲ್ಲ. ನೀರಿನ ಕ್ಯಾನು ಹೊತ್ತು ಗುಡ್ಡದ ಮೇಲಿನ ದೊಡ್ಡಿಗೆ ಹತ್ತುವುದು ಇನ್ನು ಅವರಿಂದಾಗದು. ಅದಕ್ಕೇ ನೀನು ಟಾರ್ಪಾಲು ಹೊದಿಸಿಟ್ಟು ಹೋದ ಎಟಿವಿಗೆ, ಗುಡ್ಡ ಹತ್ತುವ ಆ ನಾಲ್ಕು ಚಕ್ರದ ಬೈಕಿಗೆ, ಕೈ ಹಾಕಿದೆ. ಬೈಯಬೇಡ, ಪೂರ್ತಿ ಓದು.

ನಿನ್ನ ಎಂಜಿನ್ ಜಾಮ್ ಆಗಿ ಕಲ್ಲಾಗಿತ್ತು. ಗುಜರಿ ಅಂಗಡಿಯ ಬುರುಡೆ ಗೊತ್ತಲ್ಲ, ಬೋಳುತಲೆಗೆ ಆ ಹೆಸರಿಟ್ಟೆವೋ, ಅವನು ಬಿಡುವ ಬುರುಡೆಗೋ, ನನಗೇ ಮರೆತುಹೋಗಿದೆ. ಅವನ ಹತ್ತಿರ ಇನ್ನೊಂದು ಎಟಿವಿಯ ಎಂಜಿನ್ ಸಿಕ್ಕಿತು, ಸೈಲೆನ್ಸರ್ ಸಮೇತ. "ದೂರದ ಊರಿಂದ ಬಂದದ್ದು ಅಕ್ಕಾ, ಯಜಮಾನರು ಭಾನುವಾರ ಬಿಟ್ಟು ಬೇರೆ ದಿನ ಓಡಿಸೇ ಇಲ್ಲ" ಎಂದ. ತೂತುಗಳು ಹೊಂದಲಿಲ್ಲ. ಕಬ್ಬಿಣದ ಪಟ್ಟಿ ಕತ್ತರಿಸಿ, ಬೇರೆ ತೂತು ಕೊರೆದು, ವೆಲ್ಡಿಂಗ್ ಮಾಡಿಸಿ ಕೂರಿಸಿದೆ. ಹಿಂದಿನ ಕ್ಯಾರಿಯರ್ ನಮ್ಮ ಹಳೇ ಮಂಚದ್ದು; ಒಂದು ಶಾಕ್ ಅಬ್ಸಾರ್ಬರ್ ಯಾವುದೋ ಸ್ಕೂಟರಿನದು; ಸೀಟಿಗೆ ನನ್ನ ರೆಕ್ಸಿನ್ ಬ್ಯಾಗನ್ನೇ ಬಿಚ್ಚಿ ಹೊಲಿದೆ. ಆಯಿಲ್ ಬದಲಿಸಿ ಒದ್ದಾಗ ಅದು ಎದ್ದು ಕೂತಿತು ನೋಡು! ಟಕಟಕ ಎನ್ನುತ್ತಾ, ನಡುವೆ ಉಸಿರು ಕಟ್ಟಿದಂತೆ ಒಂದು ಕ್ಷಣ ತಡೆದು, ಮತ್ತೆ ಬಿಡುವ ಸದ್ದು. ನಿಮ್ಮ ಭಾವ ನಿನ್ನ ಅಕ್ಕನನ್ನು ಹೊಗಳಿದ ದಿನ ಅದು, ಗುರುತು ಹಾಕಿಕೋ.

ಮೊದಲ ಸಲ ಕ್ಯಾನು ಹೇರಿಕೊಂಡು ಹೊರಟ ಮಧ್ಯಾಹ್ನವೇ ಶುರುವಾಯಿತು. ಏರು ಹಿಡಿಯುವ ತಿರುವಿನಲ್ಲಿ ಕೋಳಿ ಸಾಕುವ ಮೊಟ್ಟೆಯಮ್ಮನ ಮನೆಯಿದೆಯಲ್ಲ, ಆ ನೀಲಿ ಗೇಟಿನ ಮುಂದೆ ಬರುತ್ತಲೇ ಎಂಜಿನ್ ನಿಂತಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ, ಯಾರೋ ಕೀ ತಿರುಗಿಸಿದ ಹಾಗೆ ನಿಂತಿತು. ನಾನು ಇಳಿದು ಪೆಟ್ರೋಲ್ ಪೈಪು ನೋಡುತ್ತಿದ್ದಾಗ ಗೇಟಿನ ಎರಡೂ ಬಾಗಿಲು ತೆರೆದವು. "ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ಯೋ, ಬಾ ಒಳಗೆ" ಎಂದರು ಮೊಟ್ಟೆಯಮ್ಮ. ನನಗಲ್ಲ. ಅವರ ಕಣ್ಣು ಖಾಲಿ ಸೀಟಿನ ಮೇಲಿತ್ತು. ಆಮೇಲೆ ನನ್ನ ಕಡೆ ತಿರುಗಿ, ಏನೂ ಆಗದವರಂತೆ, "ಓ, ನೀನೇನಮ್ಮ, ಮೊಟ್ಟೆ ಬೇಕಿತ್ತಾ?" ಎಂದರು. ಅವರು ಒಳಗೆ ಹೋದ ಮೇಲೆ ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು.

ಮರುದಿನವೂ ಹಾಗೆಯೇ, ಅದರ ಮರುದಿನವೂ. ಕಾರ್ಬುರೇಟರ್ ಬಿಚ್ಚಿ ತೊಳೆದೆ, ಪ್ಲಗ್ಗು ಬದಲಿಸಿದೆ, ಪೆಟ್ರೋಲ್ ಟ್ಯಾಂಕನ್ನು ಮೇಲಕ್ಕೆತ್ತಿ ಕೂರಿಸಿದೆ. ಅದಕ್ಕಿಂತ ಕಡಿದಾದ ಏರನ್ನು ಮೇಕೆಯ ಹಾಗೆ ಹತ್ತುವ ಗಾಡಿ ಅಲ್ಲಿ ಮಾತ್ರ ನಿಲ್ಲುತ್ತಿತ್ತು. ನಿಮ್ಮ ಭಾವ ನನ್ನನ್ನು ಗೇಲಿ ಮಾಡಿ, ತಾವೇ ಓಡಿಸಿಕೊಂಡು ಹೋದರು. ಹೋದವರು ಗಾಡಿ ಅಲ್ಲೇ ಬಿಟ್ಟು ನಡೆದು ಬಂದರು. ಒಂದು ಚೊಂಬು ನೀರು ಕುಡಿದು, "ಆಕೆ ನನ್ನ ಹಿಂದೆ ಯಾರೋ ಕೂತಿದ್ದಾರೆ ಅನ್ನೋ ಹಾಗೆ ಮಾತಾಡಿದ್ರು ಕಣೇ. ಮಾತಾಡಿ, ಉತ್ತರಕ್ಕೆ ಕಾದ್ರು. ಆಮೇಲೆ ತಲೆ ಆಡಿಸಿದ್ರು" ಎಂದರು.

ಮೊಟ್ಟೆಯಮ್ಮನ ಮಗ ತನ್ನ ಎಟಿವಿಯಲ್ಲಿ ಮೊಟ್ಟೆ ಸಾಗಿಸುವಾಗ ಗಾಡಿಸಮೇತ ಕಣಿವೆಗೆ ಬಿದ್ದು ತೀರಿಕೊಂಡದ್ದನ್ನು ಹೋದ ವರ್ಷ ನಿನಗೆ ಬರೆದಿದ್ದೆ. ಅನುಮಾನ ಬಂದು ಗುಜರಿ ಅಂಗಡಿಗೆ ಹೋದೆ; ಬುರುಡೆಯ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. ಗದರಿಸಿ ಕೇಳಿದ ಮೇಲೆ ಬಾಯಿಬಿಟ್ಟ. ಅದೇ ಗಾಡಿಯ ಎಂಜಿನ್. ನಾನು ನಡೆದುಕೊಂಡೇ ಮೊಟ್ಟೆಯಮ್ಮನ ಮನೆಗೆ ಹೋಗಿ, ಗೊತ್ತಿಲ್ಲದೆ ತಂದೆವು ಎಂದು ಹೇಳಿದೆ. ಅವರು ಅಳಲಿಲ್ಲ. ಮೊಟ್ಟೆ ಒರೆಸಿ ಜೋಡಿಸುತ್ತಲೇ ಹೇಳಿದರು: "ನನಗೇನು ತಲೆ ಕೆಟ್ಟಿಲ್ಲಮ್ಮ. ಅವನ ಮುಖ ನೋಡಿ ನಾನೇ ಮಣ್ಣು ಹಾಕಿದ್ದೀನಿ. ಆದ್ರೆ ಗಾಡಿ ಬಂದ್ರೆ ಬಾಗಿಲು ತೆಗೀದೆ ಇರೋಕಾಗುತ್ತಾ? ಗೇಟಿನ ತನಕ ಬರ್ತಾನೆ. ಅಷ್ಟರಲ್ಲಿ ನೀವು ಅವನನ್ನ ಕೂರಿಸಿಕೊಂಡು ಮುಂದೆ ಹೋಗ್ಬಿಡ್ತೀರಿ."

ಆ ಮಾತು ಕೇಳಿದ ಮೇಲೆ ನನಗೆ ಆ ಸೀಟಿನ ಮೇಲೆ ಕೂರಲಾಗಲಿಲ್ಲ ತಮ್ಮಾ. ಗಾಡಿಯನ್ನು ತಳ್ಳಿಕೊಂಡೇ ಮನೆಗೆ ತಂದೆವು. ಎಂಜಿನ್ ಇಳಿಸಿ ಬೆಂಚಿನ ಮೇಲಿಟ್ಟು ಗೋಣಿ ಮುಚ್ಚಿದ್ದೇನೆ. ಬೇರೆ ಯಾವುದಾದರೂ ಸಿಕ್ಕರೆ ಕೂರಿಸುವುದು, ಇಲ್ಲವಾದರೆ ಮತ್ತೆ ಕ್ಯಾನು, ಮತ್ತೆ ಹೆಗಲು. ನೀನು ಇದನ್ನೇ ಯೋಚಿಸುತ್ತಾ ಕೂರಬೇಡ, ಕೆಲಸದ ಮೇಲೆ ಗಮನವಿರಲಿ. ನಿಮ್ಮ ಭಾವ ನೆನಪು ಹೇಳಿದ್ದಾರೆ. ನಿನ್ನ ಹಡಗು ಎಲ್ಲೇ ಇರಲಿ, ನೀರು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ನಿನ್ನ
ಅಕ್ಕ

ತಾ.ಕ. ಪತ್ರ ಬರೆದು ನಾಲ್ಕು ದಿನ ಹಾಗೇ ಇಟ್ಟಿದ್ದೆ; ಅಂಟಿಸುವ ಮೊದಲು ಗಡಿಬಿಡಿಯಲ್ಲಿ ಇಷ್ಟು ಬರೆಯುತ್ತಿದ್ದೇನೆ. ಮೊನ್ನೆ ಮೊಟ್ಟೆಯಮ್ಮ ನಮ್ಮ ಮನೆಗೇ ನಡೆದು ಬಂದರು. "ಎಲ್ಲಿಟ್ಟಿದ್ದೀರಿ ಅವನನ್ನ?" ಎಂದು ಕೇಳಿ, ತೋರಿಸುವ ಮೊದಲೇ ನೆಟ್ಟಗೆ ಶೆಡ್ಡಿಗೆ ಹೋಗಿ ಗೋಣಿ ಸರಿಸಿ ಎಂಜಿನ್ ಮೇಲೆ ಕೈಯಿಟ್ಟರು. "ಎಷ್ಟು ತಣ್ಣಗಾಗಿದ್ದಾನೆ" ಎಂದರು. ನಾನೂ ನಿಮ್ಮ ಭಾವನೂ ಅದನ್ನು ಮತ್ತೆ ಗಾಡಿಗೆ ಕೂರಿಸಿದೆವು. ಇವತ್ತು ಬೆಳಿಗ್ಗೆ ನಾನೇ ಓಡಿಸಿಕೊಂಡು ಹೋದೆ. ಗೇಟು ತೆರೆದೇ ಇತ್ತು. ಈ ಸಲ ಗಾಡಿ ಅಲ್ಲಿ ನಿಲ್ಲಲಿಲ್ಲ. ಅಂಗಳ ದಾಟಿ, ಕೋಳಿಗೂಡು ದಾಟಿ, ಮೊಟ್ಟೆ ಟ್ರೇ ಪೇರಿಸಿಟ್ಟಿದ್ದ ಮಾಡಿನ ಕೆಳಗೆ ಹೋಗಿ ತಾನಾಗಿಯೇ ನಿಂತಿತು. ಆಮೇಲೆ ಎಷ್ಟು ಒದ್ದರೂ ಏಳಲಿಲ್ಲ. ಕಿಡಿ ಇದೆ, ಪೆಟ್ರೋಲ್ ಇದೆ, ಜೀವ ಇಲ್ಲ. ನಿನ್ನ ಗಾಡಿಯನ್ನು ನಿನ್ನನ್ನು ಕೇಳದೆ ಅಲ್ಲೇ ಬಿಟ್ಟು ಬಂದಿದ್ದೇನೆ. ದಯವಿಟ್ಟು ವಾಪಸ್ ಕೇಳಬೇಡ. ನಾನು ರಸ್ತೆಗೆ ಬರುವಷ್ಟರಲ್ಲಿ ಅವರು ಒಳಗಿನಿಂದ ಚಿಲಕ ಹಾಕಿಕೊಂಡರು. ಆಮೇಲೆ ಯಾರನ್ನೋ ಬೈಯುವ ದನಿ ಕೇಳಿಸಿತು: "ಕೆಸರು ಶೂ ಹಾಕ್ಕೊಂಡು ಒಳಗೆ ಬರ್ತೀಯಲ್ಲೋ, ಬಿಚ್ಚೋ ಮೊದ್ಲು." ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೊಟ್ಟೆಯಮ್ಮ ನಕ್ಕರು.